ಮಂಡಿ ನೋವಿನ ಮಾತ್ರೆ ನಿಲ್ಲಿಸಿದ ಮೇಲೆ: ಅರಿಸಿನ ಬೆಳೆಯುವ ಮನೆಯ ಒಂದು ಪ್ರಕರಣ

ಈ ಪ್ರಕರಣ ನನ್ನ ಸೋದರತ್ತೆಯದು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ವಯಸ್ಸು 63. ಊರು ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿ. ಅರಿಸಿನ, ರಾಗಿ, ಒಂದಿಷ್ಟು ತರಕಾರಿ ಬೆಳೆಯುವ ಮನೆ. ಅತ್ತೆಗೆ ಎರಡೂ ಮಂಡಿ ಸವೆದಿದೆ, ಬಲಗಡೆ ಜಾಸ್ತಿ. ಬಿಪಿ ಹಳೆಯದು. ಸಕ್ಕರೆ ಕಾಯಿಲೆ ಇಲ್ಲ. ನಾನು ಮೈಸೂರಿನಲ್ಲಿ ಫಾರ್ಮಸಿಸ್ಟ್. ಕಾಯಿಲೆ ಗುರುತಿಸಿದ್ದು, ಮಾತ್ರೆ ಬದಲಿಸಿದ್ದು ಡಾಕ್ಟರು. ಮನೆಮದ್ದಿನಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದು ಬೇಡ ಅಂತ ನೋಡಿದ್ದು ನಾನು.

ನೋವಿನ ಮಾತ್ರೆ ಬಿಟ್ಟು ಗಿಡಮೂಲಿಕೆ ಮಾಡಿ ಅನ್ನುವ ಸಲಹೆಗೆ ಈಗ ಬರವಿಲ್ಲ. ಆದರೆ ನಿಜವಾಗಿ ಒಬ್ಬರು ಮಾತ್ರೆ ಬಿಟ್ಟ ಮೇಲೆ ಅವರ ನೋವು ಏನಾಗುತ್ತದೆ, ಯಾವ ಮದ್ದು ಎಲ್ಲಿಯವರೆಗೆ ಕೈ ಹಿಡಿಯುತ್ತದೆ ಅನ್ನುವುದನ್ನು ಪೂರ್ತಿ ಹೇಳುವವರು ಕಡಿಮೆ.

ಮಾತ್ರೆ ಶುರುವಾದದ್ದು ಎಲ್ಲರ ಮನೆಯಲ್ಲಿ ಆಗುವ ಹಾಗೆಯೇ. ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿದ್ದರು. ಅವರು ಐದು ದಿನಕ್ಕೆ ಅಂತ ಬರೆದುಕೊಟ್ಟ ಚೀಟಿ ಅದು. ಅಸೆಕ್ಲೋಫೆನಾಕ್ 100 ಮಿಲಿಗ್ರಾಂ, ಅದರ ಜೊತೆ ಪ್ಯಾರಾಸಿಟಮಾಲ್ 325 ಸೇರಿದ ಮಾತ್ರೆ. ಜೊತೆಗೊಂದು ಗ್ಯಾಸ್ ಮಾತ್ರೆ. ಐದು ದಿನದಲ್ಲಿ ನೋವು ಹೋಯಿತು. ಮತ್ತೆ ಬಂತು. ಖಾಲಿ ಪಟ್ಟಿ ತೋರಿಸಿದರೆ ಮೆಡಿಕಲ್ ಸ್ಟೋರಿನಲ್ಲಿ ಅದೇ ಮಾತ್ರೆ ಸಿಗುತ್ತಿತ್ತು. ಹೀಗೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಮೂರು ವರ್ಷ ನಡೆಯಿತು. ಹೊಟ್ಟೆ ಉರಿ ಬಂದರೆ ಗ್ಯಾಸ್ ಮಾತ್ರೆ ಇದೆಯಲ್ಲ ಅಂತ ಧೈರ್ಯ.

ಗ್ಯಾಸ್ ಮಾತ್ರೆ ಕಾಯುವುದು ಹೊಟ್ಟೆಯನ್ನು. ಕಿಡ್ನಿಯನ್ನಲ್ಲ.

ಮಾರ್ಚ್ ತಿಂಗಳು. ಅರಿಸಿನ ಕಿತ್ತು ಬೇಯಿಸುವ ಸಮಯ. ಬಿಸಿಲು, ಒಲೆಯ ಝಳ, ಬೆವರು. ಅದರ ನಡುವೆ ಎರಡು ದಿನ ಬೇಧಿ ಆಯಿತು. ಮೂರನೇ ದಿನ ಕಾಲು ಊದಿ, ಮೂತ್ರ ಕಡಿಮೆಯಾಗಿ, ವಾಕರಿಕೆ ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ 2.4. ಕಿಡ್ನಿ ಹೊರಗೆ ಹಾಕಬೇಕಾದ ಕಸ ಅದು, ಏರಿದರೆ ಕಿಡ್ನಿ ಸೋಲುತ್ತಿದೆ ಅಂತ ಅರ್ಥ. ಹಿಂದಿನ ವರ್ಷ 0.9 ಇತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ನೋವಿನ ಮಾತ್ರೆ ಎಷ್ಟು ನುಂಗ್ತೀರಮ್ಮ?"

ಇಲ್ಲಿ ಏನಾಯಿತು ಅನ್ನುವುದು ಪ್ರತಿ ಮನೆಗೂ ಗೊತ್ತಿರಬೇಕಾದ ವಿಷಯ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಇವೆಲ್ಲ ಒಂದೇ ಗುಂಪು. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತು ತಯಾರಾಗುವುದನ್ನು ಇವು ತಡೆಯುತ್ತವೆ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆ ಅಂತ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಪ್ರೊಸ್ಟಗ್ಲಾಂಡಿನ್ ಕಡಿಮೆಯಾದರೆ ನೋವೂ ಬಾವೂ ಇಳಿಯುತ್ತವೆ. ಆದರೆ ಅದೇ ವಸ್ತು ಹೊಟ್ಟೆಯ ಒಳಪದರವನ್ನು ಕಾಯುತ್ತದೆ. ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಅಗಲವಾಗಿ ಇಡುವುದೂ ಅದೇ.

ಅತ್ತೆಯ ಬಿಪಿ ಮಾತ್ರೆಯಲ್ಲಿ ಎರಡು ಔಷಧಿ ಸೇರಿತ್ತು, ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಜೈಡ್. ಎರಡನೆಯದು ಮೂತ್ರ ಹೋಗಿಸುವ ಮದ್ದು. ಕಿಡ್ನಿಯನ್ನು ಒಂದು ಕೆರೆ ಅಂದುಕೊಳ್ಳಿ. ನೋವಿನ ಮಾತ್ರೆ ನೀರು ಬರುವ ಕಾಲುವೆಯನ್ನು ಕಿರಿದು ಮಾಡಿತು. ಟೆಲ್ಮಿಸಾರ್ಟಾನ್ ನೀರು ಹೋಗುವ ತೂಬನ್ನು ಅಗಲ ಮಾಡಿತ್ತು. ಮೂತ್ರದ ಮದ್ದು, ಬೆವರು, ಬೇಧಿ ಎಲ್ಲ ಸೇರಿ ಬರುವ ನೀರೇ ಕಡಿಮೆಯಾಯಿತು. ಕೆರೆಯಲ್ಲಿ ಮಟ್ಟ ನಿಲ್ಲಲಿಲ್ಲ. ಒಂದೊಂದೇ ಆಗಿದ್ದರೆ ಕಿಡ್ನಿ ತಡೆದುಕೊಳ್ಳುತ್ತಿತ್ತು. ಮೂರೂ ಸೇರಿದಾಗ ಕೈ ಚೆಲ್ಲಿತು. ಬಿಪಿ ಇರುವವರು ನಮ್ಮಲ್ಲಿ ಎಷ್ಟು ಜನ, ಮಂಡಿ ನೋವು ಇರುವವರು ಎಷ್ಟು ಜನ, ಯೋಚನೆ ಮಾಡಿ. ಈ ಮೂರು ಔಷಧಿ ಒಂದೇ ಡಬ್ಬಿಯಲ್ಲಿ ಇರುವ ಮನೆಗಳನ್ನು ನಾನು ದಿನಾ ನೋಡುತ್ತೇನೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ನೋವಿನ ಮಾತ್ರೆ ಪೂರ್ತಿ ನಿಂತಿತು. ಬಿಪಿ ಮಾತ್ರೆ ಬದಲಾಯಿತು. ವಾರದಲ್ಲಿ ಕ್ರಿಯಾಟಿನಿನ್ 1.6ಕ್ಕೆ ಇಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು, "ಈ ಗುಂಪಿನ ಮಾತ್ರೆ ಇನ್ನು ಮುಟ್ಟಬೇಡಿ. ತೀರಾ ಆಗದಿದ್ದರೆ ಪ್ಯಾರಾಸಿಟಮಾಲ್ 500, ದಿನಕ್ಕೆ ನಾಲ್ಕಕ್ಕಿಂತ ಮೇಲೆ ಬೇಡ" ಅಂದರು.

ಮನೆಗೆ ಬಂದ ಮಾರನೇ ದಿನವೇ ಅತ್ತೆ ಫೋನ್ ಮಾಡಿದರು. "ಕಿಡ್ನಿ ಉಳೀತು ಸರಿ ಮಗ, ಮಂಡಿ ಏನ್ ಮಾಡ್ಲಿ? ಬಚ್ಚಲಿಗೆ ಹೋಗಕ್ಕೂ ಆಗ್ತಿಲ್ಲ ಕನ."

ಅರಿಸಿನದ ಲೆಕ್ಕ

ಅಂಗಳದಲ್ಲೇ ಅರಿಸಿನದ ರಾಶಿ ಇರುವ ಮನೆ. ಅಲ್ಲಿಗೆ ಬಂದು ಹೋದವರೆಲ್ಲ ಹೇಳಿದ್ದು ಒಂದೇ, ಅರಿಸಿನದ ಹಾಲು ಕುಡೀರಿ. ಹೇಳಿದ್ದು ಸುಳ್ಳಲ್ಲ. ಅರಿಸಿನದಲ್ಲಿರುವ ಕರ್ಕ್ಯುಮಿನ್‌ಗೆ ಬಾವು ಇಳಿಸುವ ಗುಣ ಇದೆ. ಮಂಡಿ ಸವೆತದ ಮೇಲೆ ಅದರ ಪರೀಕ್ಷೆಗಳೂ ಆಗಿವೆ. ಥಾಯ್ಲೆಂಡಿನಲ್ಲಿ 367 ಜನರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೆನ್, ಉಳಿದವರಿಗೆ 1500 ಮಿಲಿಗ್ರಾಂ ಅರಿಸಿನದ ಸಾರ. ನಾಲ್ಕು ವಾರದ ಕೊನೆಗೆ ನೋವು ಇಳಿದದ್ದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಹೊಟ್ಟೆಯ ತೊಂದರೆ ಅರಿಸಿನದವರಲ್ಲಿ ಕಡಿಮೆ. ಮದ್ದೇ ಇಲ್ಲದ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸುವ ಮೂರನೇ ಗುಂಪು ಅದರಲ್ಲಿ ಇರಲಿಲ್ಲ, ಅದೊಂದು ಕೊರತೆ. ಆದರೂ ತಳ್ಳಿಹಾಕುವಂಥದ್ದಲ್ಲ.

ಈಗ ಅಡುಗೆ ಮನೆಗೆ ಬನ್ನಿ. ಒಣ ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಶೇಕಡಾ. ಒಂದು ಚಮಚ ಪುಡಿ ಅಂದರೆ 3 ಗ್ರಾಂ. ಅದರಲ್ಲಿ ಸಿಗುವುದು 90 ಮಿಲಿಗ್ರಾಂ. ಆ ಅಧ್ಯಯನದ ಮಟ್ಟ ಮುಟ್ಟಬೇಕಾದರೆ ದಿನಕ್ಕೆ 50 ಗ್ರಾಂ ಪುಡಿ ತಿನ್ನಬೇಕು. ಯಾರಿಂದಲೂ ಆಗದ ಮಾತು. ಒಂದು ಲೋಟ ಹಾಲಿಗೆ ಚಿಟಿಕೆ ಅರಿಸಿನ ಹಾಕಿ ಕುಡಿದರೆ ಗಂಟಲಿಗೆ ಹಿತ. ಆದರೆ ಮಂಡಿ ನೋವಿಗೆ ಅದು ಮಾತ್ರೆಯ ಬದಲಿ ಅಲ್ಲ.

ಕಾಳುಮೆಣಸು ಸೇರಿಸಿದರೆ? ಇದರ ಉತ್ತರ ಬಂದದ್ದು ನಮ್ಮ ಬೆಂಗಳೂರಿನಿಂದಲೇ. ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಸೇರಿದ್ದನ್ನೂ ಲಿವರ್ ಬೇಗ ಹೊರಗೆ ಹಾಕುತ್ತದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತದಲ್ಲಿ ಅದರ ಮಟ್ಟ ಸುಮಾರು 20 ಪಟ್ಟು ಏರಿತು. ಇವತ್ತು ಮಾರುವ ಅರಿಸಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಇರುವುದಕ್ಕೆ ಇದೇ ಕಾರಣ.

ಒಳ್ಳೆಯದೇ ಆಯಿತಲ್ಲ ಅನ್ನಿಸಬಹುದು. ಆದರೆ ಪೈಪರಿನ್ ತಡೆಯುವುದು ಔಷಧಿಗಳನ್ನು ಹೊರಗೆ ಹಾಕುವ ದೇಹದ ವ್ಯವಸ್ಥೆಯನ್ನೇ. ಕರ್ಕ್ಯುಮಿನ್ ಒಂದೇ ಅಲ್ಲ, ಫಿಟ್ಸಿಗೆ ಕೊಡುವ ಫೆನಿಟಾಯಿನ್‌ನಂಥ ಮದ್ದಿನ ಮಟ್ಟವೂ ಏರಬಹುದು. ಹೀಗೆ ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ಅರಿಸಿನದ ಕ್ಯಾಪ್ಸೂಲು ತಿಂದು ಲಿವರ್ ಕೆಟ್ಟವರ ವರದಿಗಳು ಇಟಲಿಯಿಂದ, ಅಮೆರಿಕದಿಂದ ಬಂದಿವೆ. ಅತ್ತೆಯ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಅರಿಸಿನದಲ್ಲಿ ಆಕ್ಸಲೇಟ್ ಇದೆ, ಕಿಡ್ನಿಯಲ್ಲಿ ಹರಳುಗಟ್ಟುವ ವಸ್ತು ಅದು. ಸಾರಿಗೆ ಹಾಕುವಷ್ಟು ಅರಿಸಿನದಿಂದ ಏನೂ ಆಗುವುದಿಲ್ಲ. ಆದರೆ ತಿಂಗಳುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ತಿಂದವರ ಕಿಡ್ನಿಯಲ್ಲಿ ಆಕ್ಸಲೇಟ್ ಕೂತ ಉದಾಹರಣೆಗಳಿವೆ. ಆಗತಾನೇ ಏಟು ತಿಂದ ಕಿಡ್ನಿಗೆ ಅದು ಬೇಡ. ಹಾಗಾಗಿ ತೀರ್ಮಾನ ಇಷ್ಟು: ಸಾರಿಗೆ, ಪಲ್ಯಕ್ಕೆ ಎಂದಿನಂತೆ ಅರಿಸಿನ. ಕ್ಯಾಪ್ಸೂಲು ಇಲ್ಲ.

ಅತ್ತೆಗೆ ಇದು ಬೇಸರ ತಂದಿತು. "ನಾವು ಬೆಳೆದದ್ದೇ ನಮಗೆ ಆಗಲ್ವಾ?" ಅಂದರು. ಆಗುತ್ತದೆ, ಊಟದಲ್ಲಿ. ಕಿಡ್ನಿ, ಪಿತ್ತಕೋಶದ ಕಲ್ಲು, ರಕ್ತ ತೆಳು ಮಾಡುವ ಮಾತ್ರೆ ಇಂಥ ಯಾವ ತೊಡಕೂ ಇಲ್ಲದವರು ಮಂಡಿ ನೋವಿಗೆ ಡಾಕ್ಟರನ್ನು ಕೇಳಿ ಅರಿಸಿನದ ಸಾರ ಕೆಲವು ವಾರ ಪರೀಕ್ಷಿಸಿ ನೋಡಿದರೆ ನನ್ನ ಆಕ್ಷೇಪ ಇಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಬೇಕು.

ಹೊರಗಿನಿಂದ ಮಾಡಿದ್ದು

ಮೊದಲ ತಿಂಗಳು ಅತ್ತೆಯನ್ನು ಕಾಪಾಡಿದ್ದು ಲಕ್ಕಿ ಸೊಪ್ಪಿನ ಶಾಖ. ಬಾಣಂತಿ ನೀರಿಗೆ ಹಾಕುವ ಅದೇ ಸೊಪ್ಪು. ಬೇಲಿ ಸಾಲಿನಿಂದ ಎರಡು ಹಿಡಿ ಎಲೆ ಕಿತ್ತು, ಪಾತ್ರೆಯಲ್ಲಿ ಚೆನ್ನಾಗಿ ಕುದಿಸುವುದು. ಆ ಘಾಟು ಮನೆಯೆಲ್ಲ ತುಂಬುತ್ತದೆ. ದಪ್ಪ ಟವೆಲ್ ಅದರಲ್ಲಿ ಅದ್ದಿ, ಹಿಂಡಿ, ಮೊದಲು ತಮ್ಮ ಮುಂಗೈಗೆ ಮುಟ್ಟಿಸಿ ಬಿಸಿ ನೋಡಿ, ಆಮೇಲೆ ಮಂಡಿಗೆ ಸುತ್ತುತ್ತಿದ್ದರು. ಆರಿದ ಹಾಗೆ ಮತ್ತೆ ಅದ್ದುವುದು. ಕಾಲು ಗಂಟೆ. ಬೆಳಿಗ್ಗೆ ಎದ್ದಾಗ ಮಂಡಿ ಹಿಡಿದುಕೊಳ್ಳುವುದು ಇದರಿಂದ ಸಡಿಲವಾಗುತ್ತಿತ್ತು, ನಡೆದು ಬಚ್ಚಲಿಗೆ ಹೋಗುವಷ್ಟು. ಲಕ್ಕಿ ಎಲೆಗೆ ಬಾವು ಇಳಿಸುವ ಗುಣ ಇದೆ ಅಂತ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ನನಗೆ ಕಂಡ ಹಾಗೆ ಇಲ್ಲಿ ಬಹುಪಾಲು ಕೆಲಸ ಶಾಖದ್ದು. ಸೊಪ್ಪು ಇಲ್ಲದ ಊರಿನವರು ಬಿಸಿನೀರಿನ ಚೀಲ ಇಟ್ಟುಕೊಂಡರೂ ನಡೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಮಾತ್ರ ಶಾಖಕ್ಕೆ ಹೋಗಬಾರದು. ಬಿಸಿ ಗೊತ್ತಾಗದೆ ಚರ್ಮ ಸುಟ್ಟುಕೊಳ್ಳುತ್ತಾರೆ.

ಪಕ್ಕದ ಮನೆಯವರು ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಾಡಿಸಿ ಕಟ್ಟಿ ಅಂದರು. ನಾನು ಬೇಡ ಅಂದೆ. ಎಕ್ಕದ ಹಾಲು ಚರ್ಮಕ್ಕೆ ಬೊಬ್ಬೆ ತರಿಸುತ್ತದೆ, ಕಣ್ಣಿಗೆ ಬಿದ್ದರೆ ಅನಾಹುತ. ಹರಳೆಣ್ಣೆ ಒಂದನ್ನೇ ಬೆಚ್ಚಗೆ ಮಾಡಿ ನೀವಿಕೊಳ್ಳಲು ಅಡ್ಡಿ ಇಲ್ಲ. ಸುಣ್ಣ ಅರಿಸಿನದ ಪಟ್ಟೂ ಬೇಡ. ಸುಣ್ಣ ಜಾಸ್ತಿಯಾದರೆ ವಯಸ್ಸಾದವರ ತೆಳು ಚರ್ಮ ಸುಡುತ್ತದೆ.

ಆಮೇಲೆ ಮೆಣಸಿನಕಾಯಿ ಮುಲಾಮು. ಮೆಣಸಿನಕಾಯಿಯ ಖಾರ ಅಂದರೆ ಕ್ಯಾಪ್ಸೈಸಿನ್. ಅದು ಚರ್ಮದ ನರಗಳಲ್ಲಿ ಬಿಸಿಯನ್ನು ಗುರುತಿಸುವ ಬಾಗಿಲೊಂದನ್ನು ತಟ್ಟುತ್ತದೆ. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಮೊದಲು ಉರಿಯುತ್ತದೆ. ದಿನಾ ಹಚ್ಚುತ್ತಾ ಬಂದರೆ ಆ ನರಗಳು ಮಂಕಾಗಿ ನೋವನ್ನೂ ಕಡಿಮೆ ಸುದ್ದಿ ಮಾಡುತ್ತವೆ. ಸೊಪ್ಪು ಕಷಾಯಗಳ ನಡುವೆ ಇದಕ್ಕೆ ಒಳ್ಳೆಯ ಆಧಾರ ಇದೆ. ಅಮೆರಿಕದ ಕೀಲುವಾತ ತಜ್ಞರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಮಂಡಿ ಸವೆತಕ್ಕೆ ಇದನ್ನು ಷರತ್ತಿನ ಮೇಲೆ ಒಪ್ಪಿದೆ.

ಮನೆಯಲ್ಲಿ ಖಾರದ ಪುಡಿ ಅರೆದು ಹಚ್ಚುವುದು ಇದಲ್ಲ. ಗುಂಟೂರು ಮೆಣಸಿನಕಾಯಿಗೂ ಬ್ಯಾಡಗಿಗೂ ಖಾರದಲ್ಲಿ ಎಷ್ಟು ವ್ಯತ್ಯಾಸ ಅಂತ ಅಡುಗೆ ಮಾಡುವವರಿಗೆ ಗೊತ್ತು. ಅಳತೆ ಗೊತ್ತಿಲ್ಲದೆ ಹಚ್ಚಿದರೆ ಚರ್ಮ ಹೋಗುತ್ತದೆ. ನಾವು ತಂದದ್ದು 0.025 ಶೇಕಡಾ ಮುಲಾಮು. ಅದು ಕೈಗೆ ಅಂಟಿಕೊಳ್ಳುವುದೇ ತೊಂದರೆ. ಮುದ್ದೆ ಮುರಿಯುವ ಕೈ, ಕಣ್ಣು ಒರೆಸಿಕೊಳ್ಳುವ ಕೈ ಅದೇ. ಅದಕ್ಕೆ ಅತ್ತೆ ಒಂದು ಪ್ಲಾಸ್ಟಿಕ್ ಕವರನ್ನು ಎಡಗೈಗೆ ಹಾಕಿಕೊಂಡು ಹಚ್ಚುವುದು ರೂಢಿ ಮಾಡಿಕೊಂಡರು. ಇನ್ನೊಂದು ಸಂಗತಿ: ಶಾಖ ಕೊಟ್ಟ ಕೂಡಲೇ ಈ ಮುಲಾಮು ಹಚ್ಚಬಾರದು. ಬಿಸಿಯಾದ ಚರ್ಮದಲ್ಲಿ ಉರಿ ತಡೆಯಲು ಆಗುವುದಿಲ್ಲ. ಹಾಗಾಗಿ ಶಾಖ ಬೆಳಿಗ್ಗೆಗೆ, ಮುಲಾಮು ಮಧ್ಯಾಹ್ನ ಮತ್ತು ರಾತ್ರಿಗೆ ಅಂತ ಹಂಚಿದೆವು. ಎರಡು ವಾರ ಏನೂ ಕಾಣಲಿಲ್ಲ. ಮೂರನೇ ವಾರದಿಂದ ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುವುದು ಕಡಿಮೆಯಾಯಿತು. ಮಧ್ಯಾಹ್ನದ್ದನ್ನು ಮಾತ್ರ ಅವರು ಬಿಟ್ಟುಬಿಟ್ಟರು. ಹೊಲದಲ್ಲಿ ಬೆವರಿದರೆ ಬೆಂಕಿ ಇಟ್ಟಂತೆ ಆಗುತ್ತಿತ್ತಂತೆ.

ಊಟಿ ದಾರಿಯಲ್ಲಿ ಇರುವ ಊರು. ಯಾರು ಹೋದರೂ ವಿಂಟರ್‌ಗ್ರೀನ್ ಎಣ್ಣೆಯ ಸೀಸೆ ತರುತ್ತಾರೆ. ಅದರಲ್ಲಿರುವುದು ಬಹುತೇಕ ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್ನಿನ ಹತ್ತಿರದ ನೆಂಟ. ಗಿಡದ ಎಣ್ಣೆ ಅಂತ ಎರಡೂ ಕಾಲಿಗೆ ಸುರಿದು ತಿಕ್ಕಿದರೆ ರಕ್ತಕ್ಕೂ ಸೇರುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್ ತಿನ್ನುವವರಿಗೆ ಇದು ಅಪಾಯ. ಒಂದು ಚಮಚ ಎಣ್ಣೆ ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮ. ಮಗುವೊಂದು ಕುಡಿದರೆ ಜೀವಕ್ಕೇ ಕುತ್ತು. ಮನೆಯಲ್ಲಿ ಸಣ್ಣ ಮೊಮ್ಮಗ ಇದ್ದಾನೆ. ಆ ಸೀಸೆಯನ್ನು ನಾನೇ ಕಿಟಕಿಯಿಂದ ತೆಗೆದು ಬೀಗ ಹಾಕುವ ಬೀರುವಿಗೆ ಇಟ್ಟೆ.

ಸಂತೆಯ ಪುಡಿ

ಎರಡನೇ ತಿಂಗಳು ಒಂದು ಪೊಟ್ಟಣ ಮನೆಗೆ ಬಂತು. ಸಂತೆಯಲ್ಲಿ ಕೊಂಡ ಗಿಡಮೂಲಿಕೆ ಪುಡಿ. ಬೀದಿಯ ಇನ್ನೊಬ್ಬ ಅಜ್ಜಿಗೆ ಎರಡೇ ದಿನದಲ್ಲಿ ನೋವು ಮಾಯ ಆಯಿತಂತೆ. ಅತ್ತೆಗೆ ಆಸೆ. ಆಗುವುದೇ.

ನನಗೆ ಭಯ ಆದದ್ದು ಆ ಎರಡು ದಿನದ ಮಾತಿಗೇ. ಮಂಡಿ ಸವೆತಕ್ಕೆ ಎರಡು ದಿನದಲ್ಲಿ ಕೆಲಸ ಮಾಡುವ ಬೇರು ನನಗೆ ಗೊತ್ತಿಲ್ಲ. ಹಾಗೆ ಮಾಡುವುದು ಸ್ಟೀರಾಯ್ಡ್, ಇಲ್ಲವೇ ಡೈಕ್ಲೋಫೆನಾಕ್. ಗಿಡಮೂಲಿಕೆ ಹೆಸರಿನ ಪುಡಿ ಗುಳಿಗೆಗಳಲ್ಲಿ ಇವನ್ನು ಬೆರೆಸಿ ಮಾರುವುದು ಹೊಸದಲ್ಲ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 'ಆರ್ಟ್ರಿ ಕಿಂಗ್' ಎಂಬ ಕೀಲುನೋವಿನ ಪೂರಕದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಒಳಗೆ ಡೈಕ್ಲೋಫೆನಾಕ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತ್ತು, ಚೀಟಿಯಲ್ಲಿ ಎರಡರ ಹೆಸರೂ ಇರಲಿಲ್ಲ. ಅತ್ತೆಗೆ ಬಂದ ಪೊಟ್ಟಣದ ಮೇಲೆ ತಯಾರಕರ ವಿಳಾಸ ಇಲ್ಲ, ಪರವಾನಗಿ ಸಂಖ್ಯೆ ಇಲ್ಲ, ಏನೇನು ಹಾಕಿದ್ದಾರೆ ಅನ್ನುವುದೂ ಇಲ್ಲ. ಡೈಕ್ಲೋಫೆನಾಕ್ ಏನಾದರೂ ಇದ್ದರೆ ನಾವು ಮಾರ್ಚ್‌ಗೇ ವಾಪಸ್. ಪುಡಿ ತಿಪ್ಪೆಗೆ ಹೋಯಿತು. ಬೀದಿಯ ಆ ಅಜ್ಜಿಯ ಮುಖ ಊದಿಕೊಂಡಿತ್ತು, ಹಸಿವೂ ಜಾಸ್ತಿಯಾಗಿತ್ತು. ಸ್ಟೀರಾಯ್ಡ್ ತಿಂದವರಲ್ಲಿ ಕಾಣುವ ಗುರುತು ಇವು. ಅವರಿಗೆ ಹಠಾತ್ತನೆ ನಿಲ್ಲಿಸಬೇಡಿ, ಪುಡಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ ಅಂತ ಹೇಳಿದೆ. ಬಹಳ ದಿನ ಸ್ಟೀರಾಯ್ಡ್ ತಿಂದ ದೇಹಕ್ಕೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಹೊಟ್ಟೆಗೆ ತೆಗೆದುಕೊಳ್ಳುವ ಮೂಲಿಕೆಯಲ್ಲಿ ನಾವು ಒಪ್ಪಿದ್ದು ಒಂದೇ, ಶಲ್ಲಕಿ. ಬಾಸ್ವೆಲಿಯಾ ಮರದ ಅಂಟು ಅದು. ನಾಗಪುರದಲ್ಲಿ ಮಂಡಿ ಸವೆತದ 30 ಜನರ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 333 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ, ಎಂಟು ವಾರ ಕೊಟ್ಟಾಗ ನೋವೂ ಊತವೂ ಇಳಿದಿತ್ತು. ಸಣ್ಣ ಅಧ್ಯಯನ, ಆದರೆ ಆಮೇಲೆ ಬಂದವೂ ಅದೇ ದಿಕ್ಕಿನವು. ಕ್ರಿಯಾಟಿನಿನ್ 1.1ಕ್ಕೆ ಬಂದು ನಿಂತ ಮೇಲೆ ಡಾಕ್ಟರನ್ನು ಕೇಳಿಯೇ ಶುರು ಮಾಡಿದ್ದು, ಪರವಾನಗಿ ಇರುವ ತಯಾರಿಕೆಯದು, ಊಟದ ಜೊತೆ. ಮೂರು ತಿಂಗಳು ತೆಗೆದುಕೊಂಡರು. ಸಂಜೆಯ ನೋವು ಇಳಿಯಿತು ಅನ್ನುತ್ತಾರೆ. ಆದರೆ ಅದೇ ಹೊತ್ತಿಗೆ ವ್ಯಾಯಾಮವೂ ನಡೆಯುತ್ತಿತ್ತು. ಪುಣ್ಯ ಯಾವುದಕ್ಕೆ ಸೇರಬೇಕು ಅಂತ ನಾನು ಹೇಳಲಾರೆ.

ಶುಂಠಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಂಡಿಗೆ ಅದರಿಂದ ಆಗುವ ಉಪಕಾರ ಸಣ್ಣದು. ಆದರೆ ಆ ಮನೆಯ ಮೊಮ್ಮಗಳು ಪ್ರತಿ ತಿಂಗಳು ಮುಟ್ಟಿನ ಹೊಟ್ಟೆನೋವಿಗೆ ಮೆಫೆನಮಿಕ್ ಆಸಿಡ್ ನುಂಗುತ್ತಿದ್ದಳು, ಅದೂ ಅದೇ ಗುಂಪಿನ ನೋವಿನ ಮಾತ್ರೆ. ಆ ಮಾತ್ರೆಗೆ ಶುಂಠಿ ನಿಜಕ್ಕೂ ಒಳ್ಳೆಯ ಬದಲಿ. ಇರಾನಿನ ವಿದ್ಯಾರ್ಥಿನಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 250 ಮಿಲಿಗ್ರಾಂ ಒಣಶುಂಠಿ ಪುಡಿಯನ್ನು ದಿನಕ್ಕೆ ನಾಲ್ಕು ಬಾರಿ, ಮುಟ್ಟಿನ ಮೊದಲ ಮೂರು ದಿನ ಕೊಟ್ಟಿದ್ದರು. ಫಲ ಮೆಫೆನಮಿಕ್ ಆಸಿಡ್‌ಗೂ ಐಬುಪ್ರೊಫೆನ್‌ಗೂ ಸಮನಾಗಿತ್ತು. ಅಂದರೆ ಇಡೀ ದಿನಕ್ಕೆ ಒಂದು ಗ್ರಾಂ ಪುಡಿ. ಅರಿಸಿನದ ಹಾಗಲ್ಲ, ಇದು ಅಡುಗೆ ಮನೆಯಿಂದಲೇ ಆಗುವ ಅಳತೆ. ಅವಳು ಬೆಲ್ಲದ ಜೊತೆ ಕಲಸಿ ತಿನ್ನುತ್ತಾಳೆ. ಮಾತ್ರೆ ಬಿಟ್ಟಿದ್ದಾಳೆ.

ಮಂಡಿಯನ್ನು ನಿಜಕ್ಕೂ ಎತ್ತಿದ್ದು

ತೊಡೆಯ ಸ್ನಾಯು. ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು ಒತ್ತಿ ಹಿಡಿಯುವುದು, ಕಾಲು ನೆಟ್ಟಗೆ ಮಾಡಿ ಗೇಣುದ್ದ ಎತ್ತುವುದು, ಆಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಅತ್ತೆ ಬೆಳಿಗ್ಗೆ ಶಾಖ ಮುಗಿದ ಕೂಡಲೇ ಮಾಡುತ್ತಾರೆ. ಶಾಖದಿಂದ ಮಂಡಿ ಸಡಿಲವಾದ ಹೊತ್ತು ಅದು. ಲಕ್ಕಿ ಸೊಪ್ಪಿನ ದೊಡ್ಡ ಉಪಕಾರವೇ ಇದು ಅನ್ನಿಸುತ್ತದೆ ನನಗೆ. ನೋವು ಅಂತ ಕೂತೇ ಇದ್ದವರನ್ನು ವ್ಯಾಯಾಮ ಮಾಡುವಷ್ಟು ಎಬ್ಬಿಸಿತು.

ಊಟದಲ್ಲಿ ಎರಡು ಬದಲಾವಣೆ. ರಾತ್ರಿ ಎರಡು ಮುದ್ದೆ ಒಂದಾಯಿತು, ಸೊಪ್ಪು ಕಾಳು ಜಾಸ್ತಿಯಾಯಿತು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ ಅಂತ ಅಳೆದು ನೋಡಿದ್ದಾರೆ. ಅತ್ತೆ ಐದು ಕಿಲೋ ಇಳಿದರು. ಇನ್ನೊಂದು ಉಪ್ಪು. ಉಪ್ಪುಸಾರು ಬಿಡಿ ಅನ್ನಲು ನನಗೆ ಬಾಯಿ ಬರಲಿಲ್ಲ, ವಾರಕ್ಕೊಮ್ಮೆ ಅಂತ ಒಪ್ಪಿಸಿದೆವು. ನೋವಿನ ಮಾತ್ರೆಯೂ ದೇಹದಲ್ಲಿ ಉಪ್ಪು ನೀರು ಹಿಡಿದು ಬಿಪಿ ಏರಿಸುತ್ತದೆ. ಅದು ಹೋದ ಮೇಲೆ ಅವರ ಬಿಪಿ ಹತೋಟಿಗೆ ಬರುವುದು ಸುಲಭವಾಯಿತು. ಬಚ್ಚಲಿಗೆ ಕಮೋಡ್ ಕುರ್ಚಿ ಬಂತು. ಕಳೆ ಕೀಳಲು ಕುಕ್ಕರಗಾಲಿನಲ್ಲಿ ಕೂರುವ ಬದಲು ಎತ್ತರದ ಸ್ಟೂಲು.

ಈಗ ಒಂದು ವರ್ಷ ಕಳೆದಿದೆ. ನೋವು ಹೋಗಿಲ್ಲ. ಮೆಟ್ಟಿಲು ಇಳಿಯುವಾಗ ಇದ್ದೇ ಇದೆ. ಅರಿಸಿನ ಬೇಯಿಸುವ ವಾರದಲ್ಲಿ ಪ್ಯಾರಾಸಿಟಮಾಲ್ ನುಂಗಿದರು, ದಿನಕ್ಕೆ ಎರಡು, ಡಾಕ್ಟರು ಹೇಳಿದ ಮಿತಿಯೊಳಗೆ. ಕ್ರಿಯಾಟಿನಿನ್ 1.1ರಲ್ಲೇ ಇದೆ, ಮೂರು ತಿಂಗಳಿಗೊಮ್ಮೆ ನೋಡಿಸುತ್ತಾರೆ. ಮಂಡಿ ಇದ್ದಕ್ಕಿದ್ದಂತೆ ಕೆಂಪಗೆ ಊದಿದರೆ, ಜ್ವರ ಬಂದರೆ, ಬಿದ್ದು ಕಾಲು ಊರಲು ಆಗದಿದ್ದರೆ ಶಾಖ, ಸೊಪ್ಪು ಅಂತ ಕಾಯದೆ ಆಸ್ಪತ್ರೆಗೆ ಬರಬೇಕು ಅಂತ ಮಗನಿಗೂ ಸೊಸೆಗೂ ಹೇಳಿಟ್ಟಿದ್ದೇವೆ.

ಅವರ ಪರ್ಸಿನಲ್ಲಿ ಒಂದು ಚೀಟಿ ಇದೆ. ಮೆಡಿಕಲ್ ಸ್ಟೋರಿನವರಿಗೆ, ಹೊಸ ಡಾಕ್ಟರಿಗೆ ತೋರಿಸಲು. "ಕಿಡ್ನಿಗೆ ತೊಂದರೆ ಆಗಿತ್ತು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ, ಇಂಜೆಕ್ಷನ್ ಯಾವುದೂ ಕೊಡಬೇಡಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ." ಕೆಳಗೆ ಬಿಪಿ ಮಾತ್ರೆಯ ಹೆಸರು, ಮಗನ ಫೋನ್ ನಂಬರ್. ನಿಮ್ಮ ಮನೆಯಲ್ಲೂ ಬಿಪಿ ಮತ್ತು ಮಂಡಿ ನೋವು ಎರಡೂ ಇರುವ ಹಿರಿಯರಿದ್ದರೆ ಅವರ ಮಾತ್ರೆ ಡಬ್ಬಿಯನ್ನು ಇವತ್ತೇ ತೆಗೆದು ನೋಡಿ. ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಔಷಧಿ ಚೀಟಿಯ ಬದಲು ಆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ. ತಿನ್ನುವ ಪುಡಿ, ಕಷಾಯ, ಕ್ಯಾಪ್ಸೂಲುಗಳೂ ಅದರ ಜೊತೆಗಿರಲಿ.